ಹನ್ನೊಂದು ಸೆಂಟರ್, ಒಂದು ಹೆಬ್ಬೆಟ್ಟಿನ ಮಷಿನ್: ರಾಯಚೂರು ಜಿಲ್ಲೆಯ ಒಂದು ಪ್ರಕರಣ

2024ರ ಜನವರಿ. ಮಂಗಳವಾರ ಬೆಳಿಗ್ಗೆ ಹತ್ತೂವರೆ. ಮಸ್ಕಿ ಕಡೆಯ ಒಂದು ಊರು. ಹಿಟ್ಟಿನ ಗಿರಣಿ ಪಕ್ಕದಲ್ಲಿ ಒಂದು ಮಳಿಗೆ. ಅದರೊಳಗೆ ಸಿಎಸ್‌ಸಿ, ಅಂದರೆ ಸರ್ಕಾರಿ ಅರ್ಜಿ, ಕಾಗದಪತ್ರದ ಕೆಲಸ ಮಾಡಿಕೊಡುವ ಕಾಮನ್ ಸರ್ವಿಸ್ ಸೆಂಟರ್. ಊರವರು ಅದನ್ನು ಆನ್‌ಲೈನ್ ಸೆಂಟರ್ ಅನ್ನುತ್ತಾರೆ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಬೆರಳಚ್ಚು ಯಂತ್ರ. ಅದಕ್ಕೂ ಊರಲ್ಲಿ ಬೇರೆ ಹೆಸರು: ಹೆಬ್ಬೆಟ್ಟಿನ ಮಷಿನ್.

ಒಬ್ಬ ಅಜ್ಜಿ ಬಂದಿದ್ದರು. ಎರಡೆಕರೆ ಹೊಲ ಅವರ ಹೆಸರಲ್ಲಿದೆ. ಪಿಎಂ ಕಿಸಾನ್ ಕಂತು ನಿಂತಿದೆ, ಇ-ಕೆವೈಸಿ ಆಗಬೇಕು, ಅಂದರೆ ಆಧಾರ್ ಮೂಲಕ ಗುರುತು ಖಾತ್ರಿ ಮಾಡಬೇಕು. ಹಿಂದಿನ ದಿನವೆಲ್ಲ ಮೆಣಸಿನಕಾಯಿ ಬಿಡಿಸಿದ ಕೈ. ಹೆಬ್ಬೆಟ್ಟು ಇಟ್ಟರು, ಬರಲಿಲ್ಲ. "ಕೈ ತೊಳ್ಕೊಂಡು ಬಾ ಅವ್ವಾ" ಅಂದ ಸೆಂಟರಿನ ಹುಡುಗ. ತೊಳೆದುಕೊಂಡು ಬಂದರು. ಬರಲಿಲ್ಲ. "ತಲಿಗಿ ಒರಸ್ಕೋ." ಎಣ್ಣೆ ಹಚ್ಚಿದ ಕೂದಲಿಗೆ ಹೆಬ್ಬೆಟ್ಟು ಉಜ್ಜಿ ಮತ್ತೆ ಇಟ್ಟರು. ಇದು ಈ ಕಡೆಯ ಎಲ್ಲ ಸೆಂಟರಿನವರಿಗೂ ಗೊತ್ತಿರುವ ಉಪಾಯ. ಒಣಗಿದ ಬೆರಳಿಗೆ ಒಂಚೂರು ಜಿಡ್ಡು ಬಂದರೆ ಗೆರೆ ಏಳುತ್ತೆ. ಆದರೂ ಬರಲಿಲ್ಲ.

"ನಿನ್ನ ಹೆಬ್ಬೆಟ್ಟು ಸವದೈತಿ ಅವ್ವಾ, ನಾಳಿ ಬಾ."

ಅಜ್ಜಿ ತಮ್ಮ ಹೆಬ್ಬೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ದುಡದು ದುಡದು ಇದೂ ಸವೀತೇನು ತಮ್ಮಾ?" ಅಂದು ಸೆರಗು ಹೊದ್ದುಕೊಂಡು ಹೋದರು.

ಅವರ ಹೆಬ್ಬೆಟ್ಟು ಸವೆದಿರಲಿಲ್ಲ. ಕಂಪ್ಯೂಟರಿನ ಪರದೆ ಮೇಲೆ ಬಂದಿದ್ದ ಸಾಲು 'ಡಿವೈಸ್ ನಾಟ್ ರಿಜಿಸ್ಟರ್ಡ್' ಅಂತ. ಅಂದರೆ ಯಂತ್ರದ ನೋಂದಣಿಯೇ ಇಲ್ಲ. ಹುಡುಗ ಅದನ್ನು ಓದಿದ್ದ. ಹಾಗಂದರೇನು ಅಂತ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದಕ್ಕಿಂತ ಹೆಬ್ಬೆಟ್ಟು ಸವೆದಿದೆ ಅನ್ನುವುದು ಸುಲಭ, ಅಲ್ವಾ? ನಾನು ಅವನ ಪಕ್ಕದ ಸ್ಟೂಲ್ ಮೇಲೇ ಕೂತಿದ್ದೆ. ನನಗೂ ಗೊತ್ತಿರಲಿಲ್ಲ.

ಆಗ ನಾನು ಒಂದು ಸಣ್ಣ ಸಂಸ್ಥೆಯ ಪರವಾಗಿ ಸಿಂಧನೂರು, ಮಸ್ಕಿ, ಲಿಂಗಸುಗೂರು, ದೇವದುರ್ಗ ತಾಲ್ಲೂಕುಗಳ ಇಂಥ ಕೇಂದ್ರಗಳನ್ನು ತಿರುಗಿ ನೋಡುವ ಕೆಲಸದಲ್ಲಿದ್ದೆ. ಮರುದಿನ ಸಿಂಧನೂರು ಕಡೆ ಹೋದೆ. ಅಲ್ಲೂ ಅದೇ ಸಾಲು. ಗುರುವಾರ ಇನ್ನೊಂದು ಊರಲ್ಲೂ ಅದೇ. ಪ್ರತಿಯೊಬ್ಬರೂ ತಮ್ಮ ಮಷಿನ್ ಒಂದೇ ಕೆಟ್ಟಿದೆ ಅಂದುಕೊಂಡಿದ್ದರು. ಒಬ್ಬ ಯುಎಸ್‌ಬಿ ವೈರು ಬದಲಿಸಿದ್ದ. ಒಬ್ಬಾಕೆ ವಿಂಡೋಸ್ ಹೊಸದಾಗಿ ಹಾಕಿಸಿ ದುಡ್ಡು ಕಳೆದುಕೊಂಡಿದ್ದಳು. ಸಹಾಯವಾಣಿಗೆ ಎಲ್ಲರೂ ಫೋನ್ ಮಾಡಿದ್ದರು, ಎಲ್ಲರಿಗೂ ಒಂದೊಂದು ಟಿಕೆಟ್ ನಂಬರ್, ಅಂದರೆ ದೂರಿನ ನಂಬರ್, ಸಿಕ್ಕಿತ್ತು, ಅಷ್ಟೇ.

ಉತ್ತರ ಸಿಕ್ಕಿದ್ದು ಶುಕ್ರವಾರ, ಲಿಂಗಸುಗೂರು ಹತ್ತಿರದ ಒಂದು ಸೆಂಟರಿನಲ್ಲಿ. ಬೆರಳಚ್ಚು ಯಂತ್ರ ಆಧಾರ್ ಜೊತೆ ಮಾತಾಡಬೇಕಾದರೆ ಆರ್‌ಡಿ ಸರ್ವೀಸ್ ಅನ್ನುವ ತಂತ್ರಾಂಶ ಚಾಲ್ತಿಯಲ್ಲಿರಬೇಕು. ಅದಕ್ಕೊಂದು ಅವಧಿ ಇರುತ್ತೆ, ಮುಗಿದರೆ ದುಡ್ಡು ಕಟ್ಟಿ ಮುಂದುವರಿಸಬೇಕು. ಇವರೆಲ್ಲ ಒಂದೇ ಡೀಲರ್ ಹತ್ತಿರ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಯಂತ್ರ ತಗೊಂಡಿದ್ದರು. ಹಾಗಾಗಿ ಅವಧಿಯೂ ಒಂದೇ ವಾರ ಮುಗಿದಿತ್ತು. ಯಂತ್ರದ ಹಿಂದಿನ ಸೀರಿಯಲ್ ನಂಬರ್ ಹಾಕಿ, ಆನ್‌ಲೈನಲ್ಲಿ ದುಡ್ಡು ಕಟ್ಟಿ, ಅರ್ಧ ಗಂಟೆ ಕಾದರೆ ಆಯಿತು. ಲಿಂಗಸುಗೂರಿನವರು ಇದನ್ನು ಸೋಮವಾರವೇ ಕಂಡುಹಿಡಿದು ತಮ್ಮ ಕೆಲಸ ಮುಂದುವರಿಸಿದ್ದರು. ಅವರ ಫೋನ್ ನಂಬರು ಉಳಿದವರ ಹತ್ತಿರ ಇರಲಿಲ್ಲ. ನಾನು ಬರೆಯಲು ಹೊರಟಿರುವ ಪ್ರಕರಣ ಅದೇ.

ಮೇಲಕ್ಕೆ ಹೋಗುವ ದಾರಿ ಇದೆ, ಪಕ್ಕಕ್ಕೆ ಇಲ್ಲ

ಈಗ ಈ ಕಡೆಯ ಒಂದು ಪಂಚಾಯ್ತಿ ಊರಿಗೆ ಹೋದರೆ ಕಂಪ್ಯೂಟರ್ ಇರುವ ಜಾಗ ಮೂರ್ನಾಲ್ಕು ಸಿಗುತ್ತವೆ. ಕೇಂದ್ರ ಸರ್ಕಾರದ ಸಿಎಸ್‌ಸಿ. ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2006ರಲ್ಲಿ, ಮೊದಲ ಗುರಿ ದೇಶದಲ್ಲಿ 1 ಲಕ್ಷ ಕೇಂದ್ರ. ರಾಜ್ಯ ಸರ್ಕಾರದ ಗ್ರಾಮ ಒನ್. ಇದು ಶುರುವಾದದ್ದು 2022ರ ಜನವರಿಯಲ್ಲಿ. ಪಂಚಾಯ್ತಿ ಕಚೇರಿಯೊಳಗೆ ಬಾಪೂಜಿ ಸೇವಾ ಕೇಂದ್ರ. ಇನ್ನು ಪಂಚಾಯ್ತಿ ಗ್ರಂಥಾಲಯ, ಈಗಿನ ಹೆಸರು ಅರಿವು ಕೇಂದ್ರ. ಗ್ರಾಮ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಎಷ್ಟೋ ಕಡೆ ಕಂಪ್ಯೂಟರು, ಟಿವಿ ಬಂದವು.

ಎಲ್ಲವೂ ನೂರಿನ್ನೂರು ಗಜದೊಳಗೆ. ಆದರೆ ಒಂದಕ್ಕೊಂದು ಸಂಬಂಧ ಇಲ್ಲ. ಒಬ್ಬರ ಟಿಕೆಟ್ ದೆಹಲಿಗೆ ಹೋಗುತ್ತೆ, ಇನ್ನೊಬ್ಬರದ್ದು ಬೆಂಗಳೂರಿಗೆ. ಗ್ರಂಥಾಲಯದವರದ್ದು ತಾಲ್ಲೂಕು ಪಂಚಾಯ್ತಿವರೆಗೆ ಹೋಗಿ ಅಲ್ಲೇ ಮಲಗುತ್ತೆ. ಎಲ್ಲರಿಗೂ ಮೇಲಕ್ಕೆ ಒಂದು ದಾರಿ ಇದೆ. ಪಕ್ಕದ ಊರಿನ ಸೆಂಟರಿಗೆ ದಾರಿ ಇಲ್ಲ.

ಇದನ್ನು ಮೊದಲು ಕಂಡವರು ನಾವೇನಲ್ಲ. 1998ರಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಪುದುಚೇರಿಯ ಹಳ್ಳಿಗಳಲ್ಲಿ ಜ್ಞಾನ ಕೇಂದ್ರಗಳನ್ನು ತೆರೆದಾಗ, ವಿಲಿಯನೂರಿನಲ್ಲಿ ಒಂದು ನಡುಮನೆ ಇಟ್ಟುಕೊಂಡಿತು. ಹೊರಗಿನ ಮಾಹಿತಿ ಅಲ್ಲಿಗೆ ಬಂದು, ತಮಿಳಿಗೆ ತಿರುಗಿ, ಹಳ್ಳಿಗಳಿಗೆ ಹೋಗುತ್ತಿತ್ತು. ವೀರಾಂಪಟ್ಟಿನಂ ಮೀನುಗಾರರಿಗೆ ನಾಳೆ ಸಮುದ್ರದ ಅಲೆ ಎಷ್ಟೆತ್ತರ ಅನ್ನುವುದು ಧ್ವನಿವರ್ಧಕದಲ್ಲಿ ಕೇಳುತ್ತಿತ್ತು. ಆ ನಡುಮನೆ ಇರದಿದ್ದರೆ ಹಳ್ಳಿಯ ಕಂಪ್ಯೂಟರು ಬರೀ ಪೆಟ್ಟಿಗೆ. 2005ರಲ್ಲಿ ಟ್ಯುನಿಸ್‌ನಲ್ಲಿ ವಿಶ್ವಸಂಸ್ಥೆಯ ಮಾಹಿತಿ ಸಮಾಜ ಶೃಂಗಸಭೆ ನಡೆದಾಗ ಕೆನಡಾದ ಅಭಿವೃದ್ಧಿ ಸಂಶೋಧನಾ ಸಂಸ್ಥೆ ಐಡಿಆರ್‌ಸಿ, ಮೈಕ್ರೋಸಾಫ್ಟ್, ಸ್ವಿಟ್ಜರ್ಲೆಂಡ್ ಸರ್ಕಾರದ ಅಭಿವೃದ್ಧಿ ಸಂಸ್ಥೆ ಸೇರಿ ಟೆಲಿಸೆಂಟರ್ ಡಾಟ್ ಆರ್ಗ್ ಅನ್ನುವ ಕಾರ್ಯಕ್ರಮ ಶುರು ಮಾಡಿದವು. ಅದರ ಯೋಚನೆಯೂ ಇದೇ: ಒಂದೊಂದು ಕೇಂದ್ರಕ್ಕೆ ದುಡ್ಡು ಸುರಿಯುವ ಬದಲು, ಕೇಂದ್ರಗಳನ್ನು ಹೆಣೆಯುವ ಜಾಲಕ್ಕೆ ಬಲ ಕೊಡೋಣ.

ನಮ್ಮ ರಾಜ್ಯದಲ್ಲಿ ಪಹಣಿ, ಪ್ರಮಾಣಪತ್ರ ಕೊಡುವ ಹೋಬಳಿ ಮಟ್ಟದ ಸುಮಾರು 800 ನೆಮ್ಮದಿ ಕೇಂದ್ರಗಳಿದ್ದವು. 2012ರ ಕೊನೆಗೆ ಅವುಗಳ ಜಾಗಕ್ಕೆ ಅಟಲ್‌ಜೀ ಜನಸ್ನೇಹಿ ಕೇಂದ್ರ ಬಂತು. ಬೋರ್ಡು ಬದಲಾಯಿತು. ನೆಮ್ಮದಿಯಲ್ಲಿ ಕೂತು ಪಳಗಿದ್ದ ಹುಡುಗರು ತಮಗೆ ಗೊತ್ತಿದ್ದನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡು ಮನೆಗೆ ಹೋದರು. ಅವರಲ್ಲಿ ಒಬ್ಬನನ್ನು ಸಿಂಧನೂರಿನಲ್ಲಿ ಭೇಟಿಯಾಗಿದ್ದೆ, ಈಗ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಪಹಣಿಯಲ್ಲಿ ಯಾವ ತಪ್ಪಿಗೆ ಯಾವ ಅರ್ಜಿ ಅಂತ ಇವತ್ತಿಗೂ ಕಣ್ಣುಮುಚ್ಚಿ ಹೇಳುತ್ತಾನೆ.

ಒಗ್ಗರಣೆ, ಮಿರ್ಚಿ ಮತ್ತು ಹನ್ನೊಂದು ಜನ

ಈ ಸೆಂಟರಿನವರನ್ನು ಒಬ್ಬರಿಗೊಬ್ಬರು ಪರಿಚಯ ಮಾಡಿಸಿ ಒಂದು ಗುಂಪು ಕಟ್ಟೋಣ ಅಂದುಕೊಂಡೆವು. ಮೊದಲ ಸಭೆ ಸಿಂಧನೂರಿನಲ್ಲಿ, ಭಾನುವಾರ ಮಧ್ಯಾಹ್ನ. ದಿನ ಗೊತ್ತು ಮಾಡುವುದೇ ಒಂದು ಪಂಚಾಯ್ತಿ ಆಯಿತು. ಸಂತೆ ದಿನ ಆಗೋದಿಲ್ಲ. ಅಮಾವಾಸ್ಯೆಯಂತೂ ಬೇಡವೇ ಬೇಡ. ಅವತ್ತು ಎತ್ತು ಹೂಡೋದಿಲ್ಲ, ರೈತರೆಲ್ಲ ಕಾಗದಪತ್ರ ಹಿಡಿದು ಸೆಂಟರಿಗೇ ಬರುತ್ತಾರೆ. ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಯ ಮೇಲಿನ ಕೋಣೆಯಲ್ಲಿ ಕೂತೆವು. ಮಂಡಾಳ ಒಗ್ಗರಣೆ, ಮಿರ್ಚಿ, ಚಹಾ. ಬಂದವರು ಹನ್ನೊಂದು ಜನ. ಸಿಎಸ್‌ಸಿಯವರು ಐವರು, ಗ್ರಾಮ ಒನ್‌ನವರು ನಾಲ್ವರು, ಅರಿವು ಕೇಂದ್ರದ ಮೇಲ್ವಿಚಾರಕಿಯರು ಇಬ್ಬರು.

ಹತ್ತಿರ ಹತ್ತಿರದ ಊರಿನವರು ಒಬ್ಬರಿಗೊಬ್ಬರು ಸಹಾಯ ಮಾಡುತ್ತಾರೆ ಅಂತ ನಾನು ಎಣಿಸಿದ್ದೆ. ಶುದ್ಧ ತಪ್ಪು. ಮೂರು ಕಿಲೋಮೀಟರು ದೂರದ ಇಬ್ಬರು ಆ ಕೋಣೆಯಲ್ಲಿ ಮುಖ ಕೊಟ್ಟು ಮಾತಾಡಲೇ ಇಲ್ಲ. ಮಾತಾಡುವುದಾದರೂ ಹೇಗೆ? ಇಬ್ಬರದ್ದೂ ಒಂದೇ ಗಿರಾಕಿ. ಒಂದು ಅರ್ಜಿಗೆ ಸಿಗುವ ಕಮಿಷನ್ನೇ ಹೊಟ್ಟೆಪಾಡು. "ಅಂವಗ ಹೇಳಿಕೊಟ್ರ ನಾಳಿ ನನ್ನ ಗಿರಾಕಿ ಅಲ್ಲೇ ಹೋಗ್ತಾರ್ರೀ" ಅಂತ ಒಬ್ಬ ಮೆಟ್ಟಿಲ ಹತ್ತಿರ ನನ್ನ ಕಿವಿಯಲ್ಲಿ ಹೇಳಿದ. ಆಮೇಲೆ ನೋಡಿದರೆ, ದೇವದುರ್ಗದವನು ಸಿಂಧನೂರಿನವರನ್ನು ಕೇಳುತ್ತಾನೆ, ಮಸ್ಕಿಯವಳು ಲಿಂಗಸುಗೂರಿನವರನ್ನು ಕೇಳುತ್ತಾಳೆ. ಒಂದು ತಾಲ್ಲೂಕು ದಾಟಿದರೆ ಪೈಪೋಟಿ ಇಲ್ಲ. ಹಾಗಾಗಿ ಒಂದೊಂದು ತಾಲ್ಲೂಕಿನಲ್ಲಿ ಚೆದುರಿ ಇರುವ ಮೂರ್ನಾಲ್ಕು ಜನರನ್ನಷ್ಟೇ ಗುಂಪಿಗೆ ಸೇರಿಸುವುದು ಅಂತ ಆಯಿತು. ಹೋಬಳಿವಾರು ಗುಂಪು ಮಾಡಬೇಕು ಅಂತ ನಾನು ಬರೆದಿದ್ದ ಯೋಜನೆ ಬ್ಯಾಗಿನಲ್ಲೇ ಉಳಿಯಿತು.

ವಾಟ್ಸಾಪ್ ಗುಂಪು ಮಾಡುವುದು ದೊಡ್ಡ ವಿಷಯ ಅಲ್ಲ, ಎಲ್ಲರ ಫೋನಲ್ಲೂ ಇಪ್ಪತ್ತು ಗುಂಪು ಇದ್ದೇ ಇರುತ್ತವೆ. ಈ ಗುಂಪು ನಡೆದದ್ದು ಸಿಂಧನೂರು ಕಡೆಯ ಒಬ್ಬ ಅಕ್ಕನಿಂದ. ಅವರದ್ದು ಗ್ರಾಮ ಒನ್. ಎಲ್ಲರೂ ಅಕ್ಕಾರು ಅಂತಲೇ ಕರೆಯುವುದು. ಗುಂಪಿನಲ್ಲಿ ಯಾರಾದರೂ ಒಂದು ತೊಂದರೆ ಹಾಕಿದರೆ ಅಕ್ಕಾರು ಒಂದು ಗಂಟೆ ಸುಮ್ಮನಿರುತ್ತಿದ್ದರು. ಯಾರೂ ಉತ್ತರ ಕೊಡದಿದ್ದರೆ ಯಾರಿಗೆ ಗೊತ್ತಿರಬಹುದೋ ಅವರಿಗೆ ನೇರ ಫೋನ್ ಮಾಡುತ್ತಿದ್ದರು. "ಏನ್ ತಮ್ಮಾ, ಗುಂಪಿನ್ಯಾಗ ನೋಡಿಲ್ಲೇನು? ದೇವದುರ್ಗದಾಂವ ಕಾಯಕತ್ಯಾನ." ಗೊತ್ತಾದ ಉತ್ತರವನ್ನು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಎಡಗಡೆ ಪರದೆ ಮೇಲೆ ಬಂದ ಇಂಗ್ಲಿಷ್ ಸಾಲು ಕನ್ನಡ ಅಕ್ಷರದಲ್ಲಿ, ಬಲಗಡೆ ಏನು ಮಾಡಬೇಕು ಅನ್ನುವುದು.

ಗುಳೆ ಹೋದವಳ ಗೃಹಲಕ್ಷ್ಮಿ

ಆ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದಿಟ್ಟ ಒಂದು ಪುಟ ಇತ್ತು. ಅದರ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು.

ದೇವದುರ್ಗ ತಾಲ್ಲೂಕಿನ ಒಬ್ಬ ಹೆಣ್ಣುಮಗಳು. ಗೃಹಲಕ್ಷ್ಮಿಗೆ ಅರ್ಜಿ ಹಾಕಿದ್ದಾರೆ, ಮಂಜೂರೂ ಆಗಿದೆ. 2023ರ ಆಗಸ್ಟ್ ಕೊನೆಗೆ ಯೋಜನೆ ಶುರುವಾಗಿ ಸುತ್ತಮುತ್ತಲಿನವರಿಗೆ ತಿಂಗಳಿಗೆ 2000 ರೂಪಾಯಿ ಬರುತ್ತಿದೆ, ಇವರಿಗೆ ಇಲ್ಲ. ಸೆಂಟರಿನವನು ನೋಡಿದರೆ ಹಣ ಜಮಾ ಆಗಿದೆ ಅಂತ ತೋರಿಸುತ್ತೆ. ಪಾಸ್‌ಬುಕ್ಕಿನಲ್ಲಿ ಒಂದು ಪೈಸೆ ಇಲ್ಲ. ಬ್ಯಾಂಕಿನವರು ಸೆಂಟರಿಗೆ ಹೋಗು ಅಂದರು, ಸೆಂಟರಿನವನು ಬ್ಯಾಂಕಿಗೆ ಹೋಗು ಅಂದ. ಅಂಗನವಾಡಿ ಟೀಚರನ್ನೂ ಕೇಳಿ ಆಯಿತು. ಹಾಗೇ ನಾಲ್ಕು ತಿಂಗಳು. "ನನ್ನ ರೊಕ್ಕ ನೀವೇ ತಿಂದೀರಿ" ಅಂತ ಸೆಂಟರಿನ ಮುಂದೆ ನಿಂತು ಬೈದಿದ್ದರು. ಅವನಿಗೂ ಸಿಟ್ಟು, ಅವಮಾನ. ಗುಂಪಿನಲ್ಲಿ ಹಾಕಿದ.

ಅಕ್ಕಾರು ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಆಕಿ ಗುಳೆ ಹೋಗಿದ್ಳೇನು?"

ಹೋಗಿದ್ದರು. ಈ ಕಡೆ ಹಿಂಗಾರಿನ ಹೊತ್ತಿಗೆ ಮನೆಗೆ ಬೀಗ ಹಾಕಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವವರು ಬಹಳ. ಅಲ್ಲಿ ಮೇಸ್ತ್ರಿ ಎಲ್ಲರನ್ನೂ ಸಾಲಾಗಿ ಕೂರಿಸಿ, ಆಧಾರ್ ತೋರಿಸಿ, ಹೆಬ್ಬೆಟ್ಟು ಇಡಿಸಿ ಖಾತೆ ಮಾಡಿಸಿದ್ದ. ಕೂಲಿ ಅದಕ್ಕೇ ಬೀಳುತ್ತಿತ್ತು. ಸರ್ಕಾರದ ನೇರ ಹಣ ಪಾವತಿ ನೋಡುವುದು ಖಾತೆ ನಂಬರನ್ನಲ್ಲ, ಆಧಾರ್ ನಂಬರನ್ನು. ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆ ಎನ್‌ಪಿಸಿಐ. ಅದರ ಪಟ್ಟಿಯಲ್ಲಿ ಆ ಆಧಾರಿಗೆ ಯಾವ ಬ್ಯಾಂಕು ಜೋಡಿಯಾಗಿದೆಯೋ ಆ ಬ್ಯಾಂಕಿಗೆ ದುಡ್ಡು ಹೋಗುತ್ತೆ. ಒಂದು ಆಧಾರಿಗೆ ಒಂದೇ ಬ್ಯಾಂಕು, ಕೊನೆಗೆ ಜೋಡಿಸಿದ್ದು ಯಾವುದೋ ಅದು. ಊರಿನ ಪಾಸ್‌ಬುಕ್ಕನ್ನು ಎಷ್ಟು ಸಲ ತಿರುವಿ ಹಾಕಿದರೂ ಪ್ರಯೋಜನ ಇಲ್ಲ.

ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಜೋಡಣೆ ನೋಡುವ ಒಂದು ಗುಂಡಿ ಇದೆ. ಒತ್ತಿದರೆ ಬ್ಯಾಂಕಿನ ಹೆಸರು ಬರುತ್ತೆ, ಖಾತೆ ನಂಬರ್ ಬರೋದಿಲ್ಲ. ಬೆಂಗಳೂರಿನ ಆ ಬ್ಯಾಂಕೇ ಬಂತು. ಹಣ ಅಲ್ಲೇ ಇತ್ತು, ಅಷ್ಟೂ ಕಂತು. ಖಾತೆಯ ಕಾರ್ಡು ಮೇಸ್ತ್ರಿ ಹತ್ತಿರ ಇತ್ತು ಅನ್ನುವುದು ಇನ್ನೊಂದು ರಾಮಾಯಣ, ಅದನ್ನು ಬಿಡಿಸಿಕೊಳ್ಳಲು ಅವರ ತಮ್ಮ ಎರಡು ಸಲ ಬೆಂಗಳೂರಿಗೆ ಹೋಗಿಬಂದ. ಮುಂದಿನ ಕಂತಿಗೆ ಊರಿನ ಬ್ಯಾಂಕಿನಲ್ಲಿ ಅರ್ಜಿ ಕೊಟ್ಟು ಆಧಾರ್ ಮತ್ತೆ ಜೋಡಿಸಿದರು.

ಅಕ್ಕಾರಿಗೆ ಇದು ಗೊತ್ತಾದದ್ದು ಹೇಗೆ? ಅವರ ಊರಲ್ಲಿ ಹಿಂದಿನ ತಿಂಗಳು ಇಂಥದ್ದೇ ಒಂದು ಆಗಿತ್ತು. ಅದಾದ ಮೇಲೆ ಗುಂಪಿನವರೆಲ್ಲ, ಹಣ ಬಂದಿಲ್ಲ ಅಂತ ಯಾರು ಬಂದರೂ ಮೊದಲು ಗುಳೆ ಕೇಳಲು ಶುರು ಮಾಡಿದರು. ಸಹಾಯವಾಣಿಯ ಪ್ರಶ್ನೆಪಟ್ಟಿಯಲ್ಲಿ ಈ ಪ್ರಶ್ನೆ ಇರಲು ಹೇಗೆ ಸಾಧ್ಯ, ಹೇಳಿ. ಗುಳೆ ಅನ್ನುವ ಪದ ಅಲ್ಲಿನವರಿಗೆ ಗೊತ್ತೋ ಇಲ್ಲವೋ.

ನಾವು ಮಾಡಿದ ಒಂದು ದೊಡ್ಡ ತಪ್ಪು

ಇದೇ ಪ್ರಕರಣದಲ್ಲಿ ನಮ್ಮಿಂದ ಒಂದು ತಪ್ಪಾಯಿತು. ದೇವದುರ್ಗದವನು ಗುಂಪಿಗೆ ಬರೀ ಪ್ರಶ್ನೆ ಹಾಕಲಿಲ್ಲ. ಆ ಹೆಣ್ಣುಮಗಳ ಆಧಾರ್ ಕಾರ್ಡಿನ ಫೋಟೊ, ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ, ಎರಡನ್ನೂ ಹಾಕಿದ್ದ. "ಇದ್ನ ನೋಡ್ರಿ ಯಾರಾರ." ಆ ಹೊತ್ತಿಗೆ ಗುಂಪು ಬೆಳೆದು ಮೂವತ್ತು ದಾಟಿತ್ತು. ಗುಂಪಿನಲ್ಲಿ ಯಾರ್ಯಾರಿದ್ದಾರೆ ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಹಿಂದಕ್ಕೆ ಸರಿಸಿ ನೋಡಿದೆ. ಅದೊಂದೇ ಅಲ್ಲ. ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ, ಒಟಿಪಿ ಬಂದ ಮೆಸೇಜಿನ ಫೋಟೊ ಕೂಡ. ಒಬ್ಬರಿಗೊಬ್ಬರು ಲಾಗಿನ್ ಪಾಸ್‌ವರ್ಡ್ ಕೊಟ್ಟುಕೊಂಡದ್ದೂ ಕಂಡಿತು. ಸಹಾಯ ಮಾಡುವ ಭರದಲ್ಲಿ ಎಲ್ಲರೂ ಮಾಡಿದ್ದು, ನಾನೂ ಒಂದೆರಡು ಕಳಿಸಿದ್ದೆ. ಜನರು ನಂಬಿ ಕೊಟ್ಟ ಕಾಗದ ಅದು. ಆ ಹೆಣ್ಣುಮಗಳಿಗೆ ಮೊದಲೇ ಒಬ್ಬ ಮೇಸ್ತ್ರಿ ಕೇಳದೆ ಹೇಳದೆ ಖಾತೆ ಮಾಡಿದ್ದ, ಈಗ ನಾವು ಕೇಳದೆ ಹೇಳದೆ ಆಕೆಯ ಆಧಾರನ್ನು ಮೂವತ್ತು ಫೋನಿಗೆ ಹಂಚಿದೆವು.

ಹಳೆಯ ಗುಂಪು ಅಳಿಸಿ ಹೊಸದು ಮಾಡಿದೆವು. ಪರದೆಯ ಫೋಟೊ ಹಾಕಬೇಕಾದರೆ ಹೆಸರು, ನಂಬರಿನ ಮೇಲೆ ಕಾಗದದ ಚೂರು ಇಟ್ಟು ತೆಗೆಯಬೇಕು. ಆಧಾರ್ ಬೇಕೇ ಬೇಕು ಅಂದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್, ಅದೂ ಗುಂಪಿಗಲ್ಲ. ಲಾಗಿನ್ ಕೇಳಿದವರನ್ನು ಅಕ್ಕಾರು ಆವತ್ತೇ ಗುಂಪಿನಿಂದ ತೆಗೆಯುತ್ತಾರೆ. ಇಬ್ಬರನ್ನು ತೆಗೆದರು ಕೂಡ. ಹಳೆಯ ಫೋಟೊಗಳು ಯಾರ ಫೋನಿನಲ್ಲಿ ಉಳಿದಿವೆಯೋ ಅದಕ್ಕೆ ನಮ್ಮ ಹತ್ತಿರ ಉಪಾಯ ಇರಲಿಲ್ಲ.

ದುಡ್ಡು ಯಾವುದಕ್ಕೆ ಸಿಗುತ್ತೆ, ಯಾವುದಕ್ಕೆ ಸಿಗೋದಿಲ್ಲ

ನಮ್ಮ ಸಂಸ್ಥೆಗೆ ದುಡ್ಡು ಕೊಟ್ಟವರು ಒಳ್ಳೆಯವರೇ. ಲ್ಯಾಪ್‌ಟಾಪ್ ಬೇಕಾ ಅಂತ ಕೇಳಿದರು. ತರಬೇತಿ ಎಷ್ಟು ಜನಕ್ಕೆ ಅಂತ ಕೇಳಿದರು. ರಾಯಚೂರು ಕೇಂದ್ರ ಸರ್ಕಾರದ ಮಹತ್ವಾಕಾಂಕ್ಷಿ ಜಿಲ್ಲೆಗಳ, ಅಂದರೆ ಹಿಂದುಳಿದ ಜಿಲ್ಲೆಗಳ, ಪಟ್ಟಿಯಲ್ಲಿ ಇರುವುದರಿಂದ ವರದಿಗೆ ಚೆನ್ನಾಗಿ ಕಾಣುತ್ತೆ ಅಂತಲೂ ಹೇಳಿದರು. ಅಕ್ಕಾರ ಫೋನ್ ರೀಚಾರ್ಜಿಗೆ, ಬಸ್ ಚಾರ್ಜಿಗೆ, ತಿಂಗಳಿಗೊಮ್ಮೆಯ ಒಗ್ಗರಣೆ ಮಿರ್ಚಿಗೆ ಅವರ ನಮೂನೆಯಲ್ಲಿ ಕಾಲಂ ಇರಲಿಲ್ಲ. ನಾನು ಅದನ್ನೆಲ್ಲ 'ಸಾಮರ್ಥ್ಯ ವೃದ್ಧಿ' ಅನ್ನುವ ತಲೆಬರಹದ ಕೆಳಗೆ ತುರುಕಿದೆ. ಮಿರ್ಚಿಯಿಂದ ಸಾಮರ್ಥ್ಯ ವೃದ್ಧಿ ಆಗುವುದೇನೂ ಸುಳ್ಳಲ್ಲ ಬಿಡಿ.

ಲ್ಯಾಪ್‌ಟಾಪ್ ಕೊಟ್ಟರೆ ಏನಾಗುತ್ತೆ ಅಂತ ಒಂದು ಅರಿವು ಕೇಂದ್ರದಲ್ಲಿ ಕಣ್ಣಾರೆ ಕಂಡಿದ್ದೆ. ಯಾವುದೋ ಯೋಜನೆಯಲ್ಲಿ ಬಂದ ಎರಡು ಲ್ಯಾಪ್‌ಟಾಪು ಕಬ್ಬಿಣದ ಬೀರುವಿನಲ್ಲಿ, ಪ್ಲಾಸ್ಟಿಕ್ ಚೀಲ ಸಮೇತ. "ಕೆಟ್ರ ಯಾರ್ ಕೊಡ್ತಾರ್ರೀ ರೊಕ್ಕ? ನನ್ನ ಪಗಾರದಾಗ ಹಿಡೀತಾರ" ಅಂದರು ಮೇಲ್ವಿಚಾರಕಿ. ಯುಪಿಎಸ್ ಬ್ಯಾಟರಿ ಸತ್ತಿತ್ತು. ಕರೆಂಟು ಯಾವಾಗ ಹೋಗುತ್ತೋ ಗೊತ್ತಿಲ್ಲ. ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ಇರುವ ಜಿಲ್ಲೆ ಇದು, ನೆನಪಿರಲಿ.

ಆ ಮೇಲ್ವಿಚಾರಕಿ ಗುಂಪಿಗೆ ಬಂದ ಮೇಲೆ ಮಸ್ಕಿಯ ಹುಡುಗ, ಅದೇ ಗಿರಣಿ ಪಕ್ಕದವನು, ಒಂದು ಭಾನುವಾರ ಹೋಗಿ ಹಳೇ ಬ್ಯಾಟರಿ ಕೊಟ್ಟು ಹೊಸದು ಹಾಕಿಸಿಕೊಟ್ಟ. ಲ್ಯಾಪ್‌ಟಾಪ್ ಹೊರಗೆ ಬಂತು. ಹೈಸ್ಕೂಲು, ಪಿಯುಸಿ ಹುಡುಗಿಯರು ವಿದ್ಯಾರ್ಥಿವೇತನದ ಅರ್ಜಿಯನ್ನು ಅಲ್ಲೇ, ಪುಕ್ಕಟೆ, ತಾವೇ ಹಾಕಲು ಕಲಿತರು. ಅದೇ ಊರಿನ ಸಿಎಸ್‌ಸಿಯವನು ಮುನಿಸಿಕೊಂಡ. ಅವನ ಗಿರಾಕಿ ಹೋಯಿತಲ್ಲ. ಈ ಜಗಳವನ್ನು ಬಗೆಹರಿಸಲು ನಮ್ಮಿಂದ ಆಗಲಿಲ್ಲ. ಪ್ರಿಂಟು ಮಾತ್ರ ಅವನ ಹತ್ತಿರವೇ ತೆಗೆಸಬೇಕು ಅನ್ನುವ ಮಟ್ಟಕ್ಕೆ ತಂದು ನಿಲ್ಲಿಸಿದೆವು.

ನಮಗೆ ಸಿಕ್ಕ ಅನುದಾನದಲ್ಲಿ ನಿಜವಾಗಿ ಕೆಲಸಕ್ಕೆ ಬಂದ ವಸ್ತು ಅಂದರೆ ಒಂದೇ ಒಂದು: ಹೆಚ್ಚುವರಿ ಬೆರಳಚ್ಚು ಯಂತ್ರ. ಯಾರದ್ದೋ ಒಬ್ಬರ ಯಂತ್ರ ಕೆಟ್ಟು ರಿಪೇರಿಗೆ ಹೋದರೆ ಹತ್ತು ಹದಿನೈದು ದಿನ ಸೆಂಟರ್ ಮುಚ್ಚಿದ ಹಾಗೆಯೇ. ಆ ಹದಿನೈದು ದಿನಕ್ಕೆ ಈ ಯಂತ್ರ ಹೋಗುತ್ತಿತ್ತು. ಎಲ್ಲರ ಕಂಪ್ಯೂಟರಿಗೂ ಅದರ ತಂತ್ರಾಂಶ ಮೊದಲೇ ಹಾಕಿಟ್ಟಿದ್ದೆವು. ಅವಧಿ ಮುಗಿಯುವ ದಿನಾಂಕವನ್ನು ಅಕ್ಕಾರು ಬಿಳಿ ಪಟ್ಟಿಯಲ್ಲಿ ಬರೆದು ಯಂತ್ರದ ಬೆನ್ನಿಗೇ ಅಂಟಿಸಿದರು. ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆ. ಹಳೆಯ ಸ್ಟೀಲ್ ಟಿಫಿನ್ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಟ್ಟು, ಗುರುತಿನ ಕಂಡಕ್ಟರ್ ಕೈಗೆ ಕೊಟ್ಟರೆ ಮಧ್ಯಾಹ್ನದೊಳಗೆ ತಲುಪುತ್ತಿತ್ತು. ದೇವದುರ್ಗ ಮಾತ್ರ ಅಡ್ಡದಾರಿ, ಅಲ್ಲಿಗೆ ಯಾರಾದರೂ ಬೈಕಿನಲ್ಲಿ ಹೋಗಬೇಕು.

ಅನುದಾನ ಹದಿನೆಂಟು ತಿಂಗಳಿಗೆ ಮುಗಿಯಿತು. ನಾನು ಬೇರೆ ಕೆಲಸಕ್ಕೆ ಹೊರಟೆ. ಭಾನುವಾರದ ಸಭೆ ಎರಡು ಸಲ ನಡೆದು ನಿಂತಿತು. ಗ್ರಾಮ ಒನ್‌ನ ಒಬ್ಬ ಸೆಂಟರ್ ಬಿಟ್ಟು ಹೈದರಾಬಾದಿಗೆ ಹೋದ. ಅಕ್ಕಾರ ಗುಂಪು ಇದೆ, ಮೊದಲಿನಷ್ಟು ಮಾತಿಲ್ಲ. ನೋಟ್‌ಬುಕ್ಕು ಎರಡನೆಯದಕ್ಕೆ ಬಂದಿದೆ. ಮೊದಲನೆಯದನ್ನು ಲಿಂಗಸುಗೂರಿನವರು ಜೆರಾಕ್ಸ್ ಮಾಡಿಸಿಕೊಳ್ಳಲು ತಗೊಂಡು ಹೋಗಿ ಇನ್ನೂ ಕೊಟ್ಟಿಲ್ಲ ಅಂತ ಅಕ್ಕಾರ ದೂರು.

ಹೋದ ತಿಂಗಳು ಫೋನ್ ಮಾಡಿದಾಗ ಡಬ್ಬಿ ಎಲ್ಲಿದೆ ಅಂತ ಕೇಳಿದೆ. ಆ ಹಳೇ ಮಾದರಿಯ ಯಂತ್ರ ಈಗ ನಡೆಯೋದಿಲ್ಲ, ಎಲ್‌1 ಅನ್ನುವ ಹೊಸ ಮಾದರಿಯೇ ಬೇಕು. ಆರು ಜನ ಸೇರಿ ವಂತಿಗೆ ಹಾಕಿ ಒಂದು ಕೊಂಡಿದ್ದಾರೆ. ಅದೇ ಡಬ್ಬಿ, ಅದೇ ಬಟ್ಟೆ. "ಈಗ ಬಸ್ಸಿನ್ಯಾಗ ಐತ್ರೀ," ಅಂದರು ಅಕ್ಕಾರು, "ಮಸ್ಕಿ ದಾಟಿರಬೇಕು."